ಹಿಮ್ಮಡಿಯ ಗಂಟೆ

ಜನವರಿ 12

ಭಾಮೈದ ಮಹಾಶಯನಿಗೆ,

ಅಜ್ಜಿ ಮುಳುಗಿದಳು.

ಕೂತುಕೊಂಡೆಯಾ? ಒಂದು ಲೋಟ ನೀರು ಕುಡಿ. ಈಗ ಮುಂದಿನ ಸಾಲು ಓದು. ಅಜ್ಜಿ ಮುಳುಗಿದ್ದು ಬಣ್ಣದಲ್ಲಿ. ನೆತ್ತಿಯಿಂದ ತಳದವರೆಗೆ ಬಿಳಿ, ಸೊಂಟಕ್ಕೊಂದು ಕೆಂಪು ಪಟ್ಟಿ. ಇಪ್ಪತ್ತೆರಡು ವರ್ಷ ದಡದ ಮೇಲೆ ಬಾತುಕೋಳಿಗಳಿಗೆ ಬಾಣಂತಿ ಕೋಣೆಯಾಗಿ ಬಿದ್ದಿದ್ದ ನಮ್ಮ ಹಬೆ ದೋಣಿಯನ್ನು ಎತ್ತಿ ಶೆಡ್ಡಿಗೆ ತಂದಿದ್ದಾರೆ. ಸವಾರಿ ಸಂಸ್ಥೆಯವರಿಗೆ ಈಗ ಜ್ಞಾನೋದಯವಾಗಿದೆ. ಮೋಟರ್ ದೋಣಿಯಲ್ಲಿ ಸರೋವರ ಸುತ್ತಿ ಜನಕ್ಕೆ ಬೇಸರ ಬಂದಿದೆಯಂತೆ, ಹೊಗೆ ಬಿಡುವ ಹಳೆಯ ದೋಣಿಯೇ ಬೇಕಂತೆ. ಹಳೆಯ ಎಂಜಿನ್ನಿನವನು ಬದುಕಿದ್ದಾನೋ ಅಂತ ವಿಚಾರಿಸಿಕೊಂಡು ಮನೆಗೆ ಬಂದರು. ಜೀವಮಾನವೆಲ್ಲ ಬುರುಡೆ ಬಿಟ್ಟವನಿಗೆ ಹೊಗೆ ಬಿಡುವುದು ಕಷ್ಟವೇ? ಒಪ್ಪಿಕೊಂಡೆ.

ಅಜ್ಜಿಗೂ ನನಗೂ ಸರಿಜೋಡಿ. ಅವಳ ಮೈಗೆ ತುಕ್ಕು, ನನ್ನ ಮೈಗೆ ಸುಕ್ಕು. ಅವಳ ಬಾಯ್ಲರಿನ ನಲವತ್ತು ಕೊಳವೆಗಳಲ್ಲಿ ಮೂವತ್ತೊಂದಕ್ಕೆ ತೂತು. ನನ್ನ ಬಾಯಿಯ ಲೆಕ್ಕ ನಿನ್ನ ಅಕ್ಕನನ್ನು ಕೇಳು. ಕೊಳವೆಗಳನ್ನೆಲ್ಲ ಕಿತ್ತು ಹೊಸದು ಕೂರಿಸಿದೆವು. ಚಿಮಣಿಯೊಳಗೆ ಗುಬ್ಬಿ ಸಂಸಾರಗಳು ಏಳು. ಮನೆ ಖಾಲಿ ಮಾಡಿ ಅಂತ ನೋಟಿಸು ಕೊಟ್ಟೆ, ಕ್ಯಾರೇ ಅನ್ನಲಿಲ್ಲ. ಮರಿಗಳು ಹಾರಿಹೋಗುವವರೆಗೆ ಎರಡು ವಾರ ಚಿಮಣಿ ಕೆಲಸಕ್ಕೆ ರಜೆ.

ಒಂದು ವಿಷಯಕ್ಕೆ ಮಾತ್ರ ವೆಲ್ಡಿಂಗ್ ಮೇಸ್ತ್ರಿಯ ಜೊತೆ ಜಗಳವಾಯಿತು. ನೀನು ನಿಲ್ಲುತ್ತಿದ್ದ ಚುಕ್ಕಾಣಿ ಕೋಣೆಯ ನೆಲವನ್ನು ಕೆಳಗಿನಿಂದ ಹೊತ್ತು ನಿಂತಿದೆಯಲ್ಲ, ನನ್ನ ಎಂಜಿನ್ನಿನ ಪಕ್ಕದ ಕಬ್ಬಿಣದ ಕಂಬ, ಅದನ್ನು ತೆಗೆದು ಮರದ ಕಂಬ ನಿಲ್ಲಿಸೋಣ, ನೋಡಲು ಲಕ್ಷಣವಾಗಿರುತ್ತದೆ ಅಂದ. "ಆ ಕಂಬಕ್ಕೆ ನೀನು ಕೈ ಹಚ್ಚಿದ್ರೆ, ಈ ಕೆಲ್ಸಕ್ಕೆ ನಾನು ಕೈ ಹಚ್ಚಲ್ಲ" ಅಂದೆ. ಯಾಕೆ ಅಂತ ಕೇಳಿದ. ಮುದುಕರ ಹಠಕ್ಕೆ ಕಾರಣ ಕೇಳಬಾರದು ಅಂದೆ. ನೀನೂ ಕೇಳಬೇಡ.

ಈಗ ಮುಖ್ಯ ವಿಷಯ. ಮಾರ್ಚ್‌ನಲ್ಲಿ ಪರೀಕ್ಷೆಯ ಓಟ, ಏಪ್ರಿಲ್‌ನಲ್ಲಿ ಜನರನ್ನು ಕೂರಿಸಿಕೊಂಡು ಮೊದಲ ಸವಾರಿ. ಆ ಸವಾರಿಯ ದಿನ ಕೆಳಗೆ ಎಂಜಿನ್ ಹತ್ತಿರ ನಾನೇ ಇರಬೇಕು. ನನಗೆ ಉಳಿದಿರುವ ಆಸೆ ಅದೊಂದೇ. ಮೇಲೆ ನೀನಿದ್ದರೆ ಇನ್ನೂ ಚೆನ್ನ. ಮೂವತ್ತು ವರ್ಷದಲ್ಲಿ ನಾನು ಸರೋವರ ನೋಡಿದ್ದು ಬೂದಿ ಸುರಿಯಲು ಮೇಲೆ ಬಂದಾಗ ಮಾತ್ರ. ದಾರಿ ಇದ್ದದ್ದು ನಿನ್ನ ಕಣ್ಣಲ್ಲಿ, ಓಟ ಇದ್ದದ್ದು ನನ್ನ ಕೈಯಲ್ಲಿ. ಬಂದುಬಿಡು.

ಉತ್ತರ ಬರಿ. ಊರಿಗೆಲ್ಲ ಫೋನು ಬಂದರೂ ನೀನೊಬ್ಬ ಇನ್ನೂ ಅಂಚೆಯಣ್ಣನನ್ನು ನಂಬಿಕೊಂಡ ಗೊಡ್ಡು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವಾದರೂ ನನಗೆ ಫೋನ್ ಮಾಡಿದೆಯಾ? ಅದಕ್ಕೆ ನನಗೇನೂ ಬೇಸರವಿಲ್ಲ, ಸುಮ್ಮನೆ ಹೇಳಿದೆ.

ಲಕೋಟೆಯ ತಳದಲ್ಲಿ ಚಿಮಣಿಯ ಒಂದು ಹಿಡಿ ಕಾಣಿಕೆ ಇಟ್ಟಿದ್ದೇನೆ. ಜೋಪಾನವಾಗಿ ಬಿಚ್ಚು. ಇದನ್ನು ಲಕೋಟೆಯ ಹೊರಗೆ ಬರೆಯಬೇಕಿತ್ತೇನೋ.

ಇತಿ,
ನಿನ್ನ ಮಸಿಮುಖದ ಭಾವ

*

ಜನವರಿ 30

ಭಾವನವರಿಗೆ ನಮಸ್ಕಾರ.

ನಿಮ್ಮ ಕಾಣಿಕೆ ತಲುಪಿತು. ನನ್ನ ಬಿಳಿ ಅಂಗಿಗೆ, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಗಡಿಯಾರಕ್ಕೆ, ಮಗಳ ಬೆಕ್ಕಿಗೆ ಸಮಪಾಲಾಗಿ ಹಂಚಿಕೆಯಾಯಿತು. ಬೆಕ್ಕು ನಿನ್ನೆಯಿಂದ ಸ್ವಲ್ಪ ಬೆಳ್ಳಗಾಗಿದೆ. ಎಪ್ಪತ್ತೊಂದಾದರೂ ನಿಮ್ಮ ಭಾವನಿಗೆ ಬುದ್ಧಿ ಬರಲಿಲ್ಲ ಅಂತ ಇವಳು ಅಂದಳು. ಬಂದಿದ್ದರೆ ನಾವು ಗಾಬರಿಯಾಗಬೇಕಿತ್ತು ಅಂತ ನಾನಂದೆ.

ನಾನು ಚೆನ್ನಾಗಿದ್ದೇನೆ. ಈ ಊರಿನ ಗಡಿಯಾರದ ಗೋಪುರಕ್ಕೆ ತೊಂಬತ್ತನಾಲ್ಕು ಮೆಟ್ಟಿಲು. ದಿನಾ ಬೆಳಿಗ್ಗೆ ಹತ್ತಿ ಕೀಲಿ ಕೊಡುತ್ತೇನೆ, ಎಣ್ಣೆ ಬಿಡುತ್ತೇನೆ, ಗಂಟೆಯ ಸುತ್ತಿಗೆ ಸರಿಯಾಗಿ ಬೀಳುತ್ತಿದೆಯೇ ನೋಡುತ್ತೇನೆ. ಮೇಲಿನಿಂದ ನೋಡಿದರೆ ಎಲ್ಲೂ ಒಂದು ಹನಿ ನೀರು ಕಾಣುವುದಿಲ್ಲ, ಬರೀ ಹೆಂಚು. ಇಲ್ಲಿ ಗಂಟೆ ಹೊಡೆದರೆ ಯಾರೂ ಹೊರಡುವುದಿಲ್ಲ, ಯಾರೂ ನಿಲ್ಲುವುದಿಲ್ಲ. ತಪ್ಪಿದರೂ ಯಾರಿಗೂ ಪೆಟ್ಟಾಗುವುದಿಲ್ಲ. ನನಗೆ ಇದು ಹಿತವಾಗಿದೆ.

ಆದ್ದರಿಂದ ಬರಲಾರೆ. ಚುಕ್ಕಾಣಿ ಬಿಟ್ಟ ಕೈ ಬಿಟ್ಟ ಹಾಗೇ ಇರಲಿ.

ಆದರೆ ಕೆಲವು ವಿಷಯ ತಿಳಿಸಿ. ಹೊಸದಾಗಿ ಚುಕ್ಕಾಣಿ ಹಿಡಿಯುವವರು ಯಾರು? ನಿಂತು ಓಡಿಸುತ್ತಾರೋ, ಕೂತು ಓಡಿಸುತ್ತಾರೋ? ಕಾಲಿಗೆ ಏನು ಹಾಕುತ್ತಾರೆ? ಆ ಕಂಬವನ್ನು ಉಳಿಸಿಕೊಂಡದ್ದು ಒಳ್ಳೆಯದಾಯಿತು.

ಅಕ್ಕನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಭಾಮೈದ

*

ಫೆಬ್ರವರಿ 10

ಗೋಪುರವಾಸಿ ಭಾಮೈದನಿಗೆ,

ನಿನ್ನ ಪತ್ರ ಓದಿ ನಿನ್ನ ಅಕ್ಕನಿಗೆ ಕೊಟ್ಟೆ. ಹೊಸಬರು ಕಾಲಿಗೆ ಏನು ಹಾಕುತ್ತಾರೆ ಅಂತ ಕೇಳಿದ್ದೀಯಲ್ಲ, ಅವಳು ಹಣೆ ಚಚ್ಚಿಕೊಂಡಳು. ಎತ್ತರದಲ್ಲಿ ಒಬ್ಬನೇ ಕೂತು ಕೂತು ತಮ್ಮನಿಗೆ ಏನೋ ಆಗಿದೆ ಅಂತ ಅವಳ ಅನುಮಾನ. ನೀನು ದೋಣಿ ಬಗ್ಗೆ ವಿಚಾರಿಸುತ್ತಿದ್ದೀಯೋ, ಗಂಡಿಗೆ ಹೆಣ್ಣು ನೋಡುತ್ತಿದ್ದೀಯೋ?

ಹಾಗಾದರೆ ಕೇಳು, ಹೆಣ್ಣೇ. ಹದಿನಾಲ್ಕು ವರ್ಷ ಬಸ್ಸು ಓಡಿಸಿದವಳು, ಆಮೇಲೆ ಮೂರು ವರ್ಷ ಮೋಟರ್ ದೋಣಿ. ನಾನಿಟ್ಟ ಹೆಸರು ಬಸ್ಸಕ್ಕ. ಮೊದಲ ದಿನ ಚುಕ್ಕಾಣಿ ಚಕ್ರ ಹಿಡಿದು ಎಡಗೈಯಿಂದ ಗೇರ್ ಹುಡುಕಿದಳು. "ಮಾಮ, ಇದ್ರ ಬ್ರೇಕು ಎಲ್ಲಿ?" ಅಂದಳು. ಅದು ಕೆಳಗೆ ಕೂತು ಟೀ ಕುಡಿಯುತ್ತಿರುತ್ತದೆ, ಗಂಟೆ ಹೊಡೆದು ಕರೆಯಬೇಕು ಅಂದೆ. ಕ್ರಮವನ್ನೆಲ್ಲ ಹೇಳಿಕೊಟ್ಟೆ: ಮೇಲಿನಿಂದ ಹಗ್ಗ ಎಳೆದರೆ ಕೆಳಗೆ ನನ್ನ ಬೆನ್ನ ಹಿಂದೆ ಗಂಟೆ. ಒಂದು ಹೊಡೆದರೆ ಮುಂದೆ, ಎರಡಕ್ಕೆ ನಿಲ್ಲು, ಮೂರಕ್ಕೆ ಹಿಂದೆ. ದೋಣಿಕಟ್ಟೆ ಹತ್ತಿರ ಬಂದಾಗ ಮೂರು ಹೊಡೆದರೆ ನಾನು ಎಂಜಿನ್ನನ್ನು ಹಿಂದಕ್ಕೆ ತಿರುಗಿಸುತ್ತೇನೆ, ಅಜ್ಜಿ ಮೆಲ್ಲಗೆ ಬಂದು ಕಟ್ಟೆಗೆ ಕೆನ್ನೆ ಒರಗಿಸುತ್ತಾಳೆ. ಹುಡುಗಿ ಚುರುಕು, ಎರಡೇ ದಿನದಲ್ಲಿ ಕಲಿತಳು. ಬಸ್ಸಿನ ಅಭ್ಯಾಸ ಒಂದು ಬಿಟ್ಟಿಲ್ಲ. ನಿಂತು ಓಡಿಸಲು ಬರುವುದಿಲ್ಲವಂತೆ, ಒಂದು ಸ್ಟೂಲು ತಂದು ಹಾಕಿಕೊಂಡಿದ್ದಾಳೆ. ಕಾಲಿಗೆ ಬಟ್ಟೆಯ ಬೂಟು. ಸಮಾಧಾನವಾಯಿತೇ?

ಮೊನ್ನೆ ಬಾಯ್ಲರಿಗೆ ಬೆಂಕಿ ಹಾಕಿದೆವು. ಒತ್ತಡದ ಮುಳ್ಳು ಮೊದಲು ಅಲುಗಾಡಲೇ ಇಲ್ಲ, ಮದುವೆ ಮನೆಯಲ್ಲಿ ಮುನಿಸಿಕೊಂಡ ಸೋದರಮಾವನ ಹಾಗೆ ಕೂತಿತ್ತು. ಎರಡು ಗಂಟೆಯ ಮೇಲೆ ನಿಧಾನಕ್ಕೆ ಎದ್ದಿತು. ಸೀಟಿ ಊದಿದಾಗ ಶೆಡ್ಡಿನವರೆಲ್ಲ ಕೆಲಸ ಬಿಟ್ಟು ನಿಂತರು, ಮೇಸ್ತ್ರಿ ಕಣ್ಣೊರೆಸಿಕೊಂಡ. ಅವರ ಮುಖ ನೋಡಿಯೇ ನನಗೆ ಹೊಟ್ಟೆ ತುಂಬಿತು. ಹವಾ ಹೋದರೂ ಹಬೆ ಹೋಗಿಲ್ಲ, ಭಾಮೈದ.

ನೀನು ಬರುವುದಿಲ್ಲ ಅಂದದ್ದರ ಹಿಂದೆ ಏನಿದೆ ಅಂತ ನನಗೆ ಗೊತ್ತಾಗದೆ ಇಲ್ಲ. ಆ ದಿನ ಅಜ್ಜಿ ಕಟ್ಟೆಗೆ ಗುದ್ದಿದ್ದು, ಮೆಟ್ಟಿಲು ಮುರಿದದ್ದು, ಒಬ್ಬ ಮುದುಕನ ಹಲ್ಲುಸೆಟ್ಟು ನೀರಿಗೆ ಬಿದ್ದದ್ದು, ಗಂಟೆ ಹೊಡೆಯಲು ಮರೆತೆ ಅಂತ ನೀನು ವಿಚಾರಣೆಯಲ್ಲಿ ಒಪ್ಪಿಕೊಂಡದ್ದು, ಎಲ್ಲ ಹಳೆಯ ಕಥೆ. ಊರು ಮರೆತಿದೆ. ನೀನೂ ಮರೆತುಬಿಡು.

ಪರೀಕ್ಷೆಯ ಓಟ ಮಾರ್ಚ್ 2ಕ್ಕೆ.

ಇತಿ,
ಹಬೆಯ ಭಾವ

*

ಮಾರ್ಚ್ 3

ಭಾಮೈದನಿಗೆ,

ನಿನ್ನೆ ಓಟ ಮುಗಿಯಿತು. ಎಂಜಿನ್ ಬೆಣ್ಣೆಯ ಹಾಗೆ ನಡೆಯಿತು. ಬಣ್ಣಕ್ಕೆ ಒಂದು ಸಣ್ಣ ಗೀರು ಬಿದ್ದಿದೆ ಅಷ್ಟೇ. ಪರೀಕ್ಷಕರು ಇನ್ನೊಮ್ಮೆ ನೋಡಬೇಕು ಅಂದಿದ್ದಾರೆ. ನೋಡಲಿ.

ಇತಿ,
ಭಾವ

ತಮ್ಮಾ, ಇವರು ಲಕೋಟೆ ಅಂಟಿಸಲು ಗೋಂದು ಹುಡುಕಲು ಹೋಗಿದ್ದಾರೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ. ಸಣ್ಣ ಗೀರಲ್ಲ ಕಣೋ. ದೋಣಿ ಸೀದಾ ಹೋಗಿ ಕಟ್ಟೆಗೆ ಗುದ್ದಿತು, ಹೊಸ ಕಟಾಂಜನದ ಕಂಬಿಗಳೆಲ್ಲ ನಜ್ಜುಗುಜ್ಜು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಬಂದಾಗಿನಿಂದ ಇವರು ಸರಿಯಾಗಿ ಉಣ್ಣುತ್ತಿಲ್ಲ. ಅದಾದರೂ ಪರವಾಗಿಲ್ಲ. ನಿನ್ನೆಯಿಂದ ಒಂದೂ ತಮಾಷೆ ಮಾಡಿಲ್ಲ. ಬೆಳಿಗ್ಗೆ ಸಕ್ಕರೆ ಡಬ್ಬಿಯಲ್ಲಿ ಸಕ್ಕರೆಯೇ ಇತ್ತು, ಉಪ್ಪಿರಲಿಲ್ಲ. ನನಗೆ ಭಯವಾಗಿದೆ. ಬಂದರು, ಮುಗಿಸುತ್ತೇನೆ. — ಅಕ್ಕ

*

ಮಾರ್ಚ್ 8

ಭಾವನವರಿಗೆ ನಮಸ್ಕಾರ.

ಮೂರು ಪ್ರಶ್ನೆ ಮಾತ್ರ ಕೇಳುತ್ತೇನೆ. ಆ ಹುಡುಗಿ ಎಷ್ಟು ಗಂಟೆ ಹೊಡೆದಳು? ನಿಮಗೆ ಎಷ್ಟು ಕೇಳಿಸಿತು? ತಪ್ಪು ಯಾರದು ಅಂತ ಬರೆದುಕೊಂಡರು?

ಇದಕ್ಕೆ ಮಾತ್ರ ತಮಾಷೆಯ ಉತ್ತರ ಬೇಡ.

ನಿಮ್ಮ ಭಾಮೈದ

*

ಮಾರ್ಚ್ 13

ಭಾಮೈದ,

ಈ ಲಕೋಟೆಯಲ್ಲಿ ಮಸಿ ಇಲ್ಲ. ಇರುವುದೆಲ್ಲ ನನ್ನ ಮುಖದ ಮೇಲೆ.

ನಿನ್ನ ಪ್ರಶ್ನೆಗೆ ಉತ್ತರ. ಅವಳು ಮೂರು ಹೊಡೆದಳು. ನನಗೆ ಒಂದೂ ಕೇಳಿಸಲಿಲ್ಲ. ತಪ್ಪು ಅವಳದು ಅಂತ ಬರೆದುಕೊಂಡರು.

ನನಗೆ ಗಂಟೆ ಕೇಳಿಸುವುದಿಲ್ಲ ಕಣೋ. ಈಗಿನ ಮಾತಲ್ಲ ಇದು. ಎಂಜಿನ್ ಪಕ್ಕ ಏಳೆಂಟು ವರ್ಷ ನಿಂತ ಮೇಲೆ ಸಣ್ಣ ದನಿಗಳೆಲ್ಲ ಹೇಳದೆ ಕೇಳದೆ ಒಂದೊಂದಾಗಿ ಮನೆ ಬಿಟ್ಟುಹೋದವು. ಮೊದಲು ಗುಬ್ಬಿ, ಆಮೇಲೆ ಕೈಗಡಿಯಾರ, ಆಮೇಲೆ ಗಂಟೆ. ದಪ್ಪ ದನಿಗಳು ಉಳಿದವು, ಅದಕ್ಕೇ ನಿನ್ನ ಅಕ್ಕನ ಜೊತೆ ಸಂಸಾರ ನಡೆಯಿತು. ಕಿವಿ ಹೋದ ಎಂಜಿನ್ನಿನವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಮುಚ್ಚಿಟ್ಟೆ. ಯಾರಾದರೂ ಏನಾದರೂ ಕೇಳಿದರೆ, ತಿಳಿಯದಿದ್ದಾಗ ಬಾಯಿಗೆ ಬಂದ ತಮಾಷೆ ಹೇಳುತ್ತಿದ್ದೆ. ನಕ್ಕ ಮನುಷ್ಯ ಎರಡನೇ ಸಲ ಪ್ರಶ್ನೆ ಕೇಳುವುದಿಲ್ಲ. ಊರು ನನ್ನನ್ನು ವಿದೂಷಕ ಅಂದಿತು. ಅರ್ಧ ಹುಟ್ಟುಗುಣ, ಇನ್ನರ್ಧ ಕಿವುಡು.

ಹಾಗಾದರೆ ಅಷ್ಟು ವರ್ಷ ದೋಣಿ ಹೇಗೆ ನಡೆಸಿದೆ ಅಂತ ಕೇಳುತ್ತೀಯಾ? ನಿನಗೊಂದು ಅಭ್ಯಾಸವಿತ್ತು, ನಿನಗೇ ಗೊತ್ತಿರಲಿಲ್ಲ. ಗಂಟೆಯ ಹಗ್ಗ ಎಳೆದಾಗಲೆಲ್ಲ ಹಿಮ್ಮಡಿಯಿಂದ ನೆಲಕ್ಕೆ ಒಂದು ಗುದ್ದು ಗುದ್ದುತ್ತಿದ್ದೆ. ಎಷ್ಟು ಗಂಟೆಯೋ ಅಷ್ಟು ಗುದ್ದು. ಕಬ್ಬಿಣದ ನೆಲ, ಅದರ ಕೆಳಗೆ ಕಬ್ಬಿಣದ ಕಂಬ. ನಾನು ಎಡಗೈಯನ್ನು ಕಂಬದ ಮೇಲಿಟ್ಟು ನಿಲ್ಲುತ್ತಿದ್ದೆ. ನಿನ್ನ ಹಿಮ್ಮಡಿ ನನ್ನ ಅಂಗೈಗೆ ಬಂದು ತಟ್ಟುತ್ತಿತ್ತು. ಕಂಬದ ಒಂದು ಮಗ್ಗುಲು ಸವೆದು ಕನ್ನಡಿಯಾಗಿದೆ, ಬಂದರೆ ನೋಡು. ಕಂಬ ತೆಗೆಯಬೇಡ ಅಂತ ಯಾಕೆ ಜಗಳ ಮಾಡಿದೆ ಅಂತ ಈಗ ತಿಳಿಯಿತಲ್ಲ. ಬಸ್ಸಕ್ಕ ನಾಲ್ಕು ದಿನದಲ್ಲಿ ನಿಂತು ಓಡಿಸಲು ಕಲಿಯುತ್ತಾಳೆ, ಎಲ್ಲರೂ ಹಾಗೇ ಗುದ್ದುತ್ತಾರೆ ಅಂದುಕೊಂಡಿದ್ದೆ. ಅವಳು ಸ್ಟೂಲು ಬಿಡಲಿಲ್ಲ.

ಇನ್ನು ಆ ದಿನದ ಮಾತು. ನಿನ್ನ ಅಕ್ಕ ನಿನಗೆ ಹೊಸ ಶೂ ಕೊಡಿಸಿದ್ದಳು, ದಪ್ಪ ರಬ್ಬರಿನ ಅಟ್ಟೆಯದು. ಆವತ್ತು ನೀನು ಅದನ್ನು ಹಾಕಿಕೊಂಡು ಬಂದಿದ್ದೆ. ಬೆಳಿಗ್ಗೆ ಹೊರಡುವಾಗ ನಾನು ಸುಮ್ಮನೆ ಅಂದಾಜಿನ ಮೇಲೆ ಹೊರಡಿಸಿದೆ. ಕಟ್ಟೆ ಹತ್ತಿರ ಬಂದಾಗ ಕಂಬ ಸತ್ತ ಹಾಗೆ ಸುಮ್ಮನಿತ್ತು. ದೋಣಿ ಕಟ್ಟೆಗೆ ಗುದ್ದಿದ ಮೇಲೆ ತಲೆ ಎತ್ತಿ ಹಿಂದೆ ತಿರುಗಿ ನೋಡಿದೆ. ಗಂಟೆ ಇನ್ನೂ ತೂಗಾಡುತ್ತಿತ್ತು.

ನೀನು ಹೊಡೆದಿದ್ದೆ. ನನಗೆ ಆವತ್ತೇ ಗೊತ್ತಿತ್ತು. ವಿಚಾರಣೆಯಲ್ಲಿ ನೀನು ಎದ್ದು ನಿಂತು, ಗಂಟೆ ಹೊಡೆಯಲು ಮರೆತೆ ಅಂದಾಗ, ಗಾಬರಿಯಲ್ಲಿ ನಿನಗೇ ನೆನಪು ತಪ್ಪಿದೆ ಅಂದುಕೊಂಡೆ. ನಾನು ಬಾಯಿ ಬಿಡಲಿಲ್ಲ. ನಿನ್ನ ಪರವಾನಗಿ ಹೋಯಿತು, ನೀನು ಊರು ಬಿಟ್ಟೆ. ಅಜ್ಜಿಯನ್ನು ದಡಕ್ಕೆ ಎಳೆದರು. ನನ್ನನ್ನು ಶೆಡ್ಡಿನ ಕೆಲಸಕ್ಕೆ ಹಾಕಿ ಸಂಬಳ ಮುಂದುವರಿಸಿದರು.

ಮೊನ್ನೆಯೂ ಅದೇ. ತಿರುಗಿ ನೋಡಿದರೆ ಗಂಟೆ ತೂಗಾಡುತ್ತಿತ್ತು. ಪರೀಕ್ಷಕರು ಕೇಳಿದಾಗ ಬಸ್ಸಕ್ಕ, "ಹೊಡ್ದೆ ಅಂತ್ಲೇ ನನ್ನ ನೆನಪು ಸಾರ್. ಆದ್ರೆ ನಂಗಿದು ಹೊಸದು, ತಪ್ಪಿದ್ರೂ ತಪ್ಪಿರಬಹುದು" ಅಂದಳು. ನಾನು ಪಕ್ಕದಲ್ಲೇ ನಿಂತು ಕೈ ಒರೆಸಿಕೊಳ್ಳುತ್ತಿದ್ದೆ. ಆಮೇಲೆ ಅವಳು ನನ್ನ ಹತ್ತಿರವೇ ಬಂದು, ನಿಮ್ಮ ಅಜ್ಜಿಗೆ ಪೆಟ್ಟು ಮಾಡಿಬಿಟ್ಟೆ ಅಂತ ಕ್ಷಮೆ ಕೇಳಿದಳು.

ಹದಿನೇಳಕ್ಕೆ ಪರೀಕ್ಷಕರು ಮತ್ತೆ ಬರುತ್ತಾರೆ. ಅವರ ಮುಂದೆ ಹೇಳುತ್ತೇನೆ, ಈಗಿನದೂ ಹಳೆಯದೂ. ಮೊದಲ ಸವಾರಿಯ ದಿನ ನಾನು ದಡದಲ್ಲಿ ನಿಂತು ಕೈ ಬೀಸಬೇಕಾಗುತ್ತದೆ, ಬೀಸುತ್ತೇನೆ. ಹೇಳುವ ಮೊದಲು ನಿನಗೆ ಹೇಳಬೇಕಿತ್ತು. ಶೂ ವಿಷಯ ಅಕ್ಕನಿಗೆ ಬರೆಯಬೇಡ, ನೊಂದುಕೊಳ್ಳುತ್ತಾಳೆ.

ನೀನು ಇನ್ನು ಬರೆಯದಿದ್ದರೆ ಅರ್ಥ ಮಾಡಿಕೊಳ್ಳುತ್ತೇನೆ.

ಭಾವ

*

ಮಾರ್ಚ್ 19

ಭಾಮೈದನಿಗೆ,

ನಿನ್ನ ಉತ್ತರ ಬಂದಿಲ್ಲ. ದಿನಾ ಗೇಟಿನ ಹತ್ತಿರ ನಿಂತು ನಿಂತು ಅಂಚೆಯಣ್ಣನಿಗೆ ನನ್ನ ಮೇಲೆ ಕನಿಕರ ಬಂದಿದೆ. ಇವತ್ತು ಬೇರೆ ಯಾರದೋ ಪತ್ರ ಕೊಡಲೇ ಅಂತ ಕೇಳಿದ.

ಮೊನ್ನೆ ಹೇಳಿಬಿಟ್ಟೆ. ಸಂಸ್ಥೆಯವರು, ಮೇಸ್ತ್ರಿ, ಬಸ್ಸಕ್ಕ ಎಲ್ಲರೂ ಇದ್ದರು. ಪರೀಕ್ಷಕರು ತೆಳ್ಳನೆಯ ಮನುಷ್ಯ, ನಗು ಖರ್ಚು ಮಾಡುವವರಲ್ಲ. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಬಸ್ಸಕ್ಕನ ಹೆಸರಿನ ಮುಂದೆ ಬರೆದಿದ್ದನ್ನು ಹೊಡೆದು ಹಾಕಿ, ನಿನ್ನ ಹಳೆಯ ಕಡತವನ್ನೂ ತರಿಸುತ್ತೇನೆ ಅಂದರು. ಆಮೇಲೆ ಕೆಳಗೆ ಇಳಿದು ಬಂದರು. ನನ್ನ ಜಾಗದಲ್ಲಿ ತಾವೇ ನಿಂತರು. ಕಂಬ ಮುಟ್ಟಿ ನೋಡಿದರು, ಹಿಂದೆ ತಿರುಗಿ ಗಂಟೆ ನೋಡಿದರು. ಕಾಗದ ತೆಗೆದು ದೊಡ್ಡಕ್ಷರದಲ್ಲಿ ಬರೆದು ನನ್ನ ಮುಂದೆ ಹಿಡಿದರು. ಅದನ್ನು ಹಾಗೇ ಕೆಳಗೆ ಬರೆದಿದ್ದೇನೆ:

"ಇಷ್ಟು ವರ್ಷ ಕಣ್ಣಿಗೆ ಕಾಣೋ ಹಾಗೆ ಎದುರಿಗೆ ಏನಾದ್ರೂ ಹಾಕ್ಸಿಕೊಳ್ಳೋಕೆ ಏನು ತೊಂದ್ರೆ ಇತ್ತು?"

ನಿಜ ಕಣೋ. ಗಡಿಯಾರದ ಹಾಗೆ ಮುಳ್ಳು ತಿರುಗಿ ಮುಂದೆ, ನಿಲ್ಲು, ಹಿಂದೆ ಅಂತ ತೋರಿಸುವ ತಟ್ಟೆಯೊಂದು ಎದುರಿಗೆ ಇದ್ದಿದ್ದರೆ ಸಾಕಿತ್ತು. ಆದರೆ ಅದನ್ನು ಹಾಕಿಸಬೇಕಾದರೆ ಯಾಕೆ ಅಂತ ಹೇಳಬೇಕಿತ್ತಲ್ಲ.

ಈಗ ಷರತ್ತು ಹೀಗಿದೆ. ಮೇಲಿನಿಂದ ಸರಪಳಿಯಲ್ಲಿ ತಿರುಗುವ ಮುಳ್ಳು, ಕೆಳಗೆ ಕಣ್ಣೆದುರು ತಟ್ಟೆ, ಜೊತೆಗೆ ಕಿವಿ ಇರುವ ಒಬ್ಬ ಸಹಾಯಕ. ಏಪ್ರಿಲ್ 3ರೊಳಗೆ ಇಷ್ಟು ಆಗಿ ಮತ್ತೊಂದು ಓಟ ಸರಿಯಾಗಿ ನಡೆದರೆ ಈ ವರ್ಷಕ್ಕೆ ನಾನಿರಬಹುದು. ಇಲ್ಲದಿದ್ದರೆ ಬೇರೆಯವರು. ಮೇಸ್ತ್ರಿ ತಾನೇ ಸಹಾಯಕ್ಕೆ ನಿಲ್ಲುತ್ತೇನೆ ಅಂದಿದ್ದಾನೆ. ತಟ್ಟೆ ಮಾಡುವುದಕ್ಕೆ ಮಾತ್ರ ಇಲ್ಲಿ ಯಾರಿಗೂ ಬರುವುದಿಲ್ಲ. ತಗಡು ಕತ್ತರಿಸಿ ಒಂದು ಮಾಡಿದೆವು, ಮುಂದೆ ಅಂದರೆ ಅದು ಯೋಚನೆ ಮಾಡಿ ಹಿಂದೆ ಅನ್ನುತ್ತದೆ.

ಬಸ್ಸಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ಬಂದು, ಸ್ಟೂಲನ್ನು ಎಂಜಿನ್ ಕೋಣೆಗೆ ಇಳಿಸಿ, "ನೀವು ಕೂತ್ಕೊಳ್ಳಿ ಮಾಮ. ನಾನು ನಿಲ್ಲೋದು ಕಲೀತೀನಿ" ಅಂದಳು.

ಇಷ್ಟು ತಿಳಿಸೋಣ ಅಂತ ಬರೆದೆ. ಉತ್ತರ ಬರೆಯಲೇಬೇಕು ಅಂತಿಲ್ಲ.

ಭಾವ

*

ಮಾರ್ಚ್ 25

ಭಾವನವರಿಗೆ ನಮಸ್ಕಾರ.

ತಡವಾಯಿತು. ಪಾರ್ಸೆಲ್ ಸಿದ್ಧ ಮಾಡುತ್ತಿದ್ದೆ. ಇದೇ ಅಂಚೆಯಲ್ಲಿ ಬರುತ್ತದೆ.

ನೀವು ಪತ್ರದಲ್ಲಿ ಬರೆದ ವಿಷಯ ನನಗೆ ಹೊಸದಲ್ಲ. ನಿಮಗೆ ಗಂಟೆ ಕೇಳಿಸುವುದಿಲ್ಲ ಅಂತ ನನಗೆ ಗೊತ್ತಿತ್ತು. ನೀವು ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು, ನಾನು ಚುಕ್ಕಾಣಿ ಹಿಡಿದು ಎರಡು. ಒಂದು ದಿನ ನಿಮ್ಮ ಬೆನ್ನ ಹಿಂದೆ ನಿಂತು, ಟೀ ಬಂತು ಅಂತ ಮೂರು ಸಲ ಕೂಗಿದೆ. ನೀವು ತಿರುಗಲಿಲ್ಲ. ಟೀ ಅಂದರೂ ತಿರುಗದ ನನ್ನ ಭಾವನಿಗೆ ಏನೋ ಆಗಿದೆ ಅಂತ ಆವತ್ತೇ ಅಂದುಕೊಂಡೆ. ಹೇಳಿದರೆ ನಿಮ್ಮ ಕೆಲಸ ಹೋಗುತ್ತಿತ್ತು, ನಿಮಗೆ ಗೊತ್ತಾಗುವ ಹಾಗೆ ಸಹಾಯ ಮಾಡಿದರೆ ನಿಮ್ಮ ಮುಖ ಹೋಗುತ್ತಿತ್ತು. ನಿಮ್ಮ ಕೈ ಯಾವಾಗಲೂ ಆ ಕಂಬದ ಮೇಲಿರುವುದನ್ನು ನೋಡಿದ್ದೆ. ಅದೇ ಸಂಜೆ ಚಪ್ಪಲಿ ಹೊಲಿಯುವವನ ಹತ್ತಿರ ಹೋಗಿ ನನ್ನ ಬೂಟಿನ ಎರಡೂ ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆಸಿದೆ. ಎತ್ತಿಗಾ, ನಿನಗಾ ಅಂತ ಅವನು ಕೇಳಿದ.

ಆದ್ದರಿಂದ ಅದು ಅಭ್ಯಾಸವಲ್ಲ, ಭಾವ. ಇಪ್ಪತ್ತು ವರ್ಷ ನಾನು ಲೆಕ್ಕ ಹಾಕಿ ಗುದ್ದಿದ್ದು. ಮಂಡಿ ನೋವು ಈಗಲೂ ಇದೆ.

ಆ ದಿನ ಅಕ್ಕ ಕೊಡಿಸಿದ ಹೊಸ ಶೂ ಹಾಕಿಕೊಂಡ ಸಂಭ್ರಮದಲ್ಲಿ ಲಾಳದ ಮಾತು ಮರೆತೆ. ಕಟ್ಟೆ ಎದುರಿಗೆ ಬಂದಾಗ ನೆನಪಾಯಿತು. ಆಗ ಎಷ್ಟು ಗುದ್ದಿದರೂ ರಬ್ಬರು ಸದ್ದು ಮಾಡಲಿಲ್ಲ. ವಿಚಾರಣೆಯಲ್ಲಿ ಮರೆತೆ ಅಂದೆನಲ್ಲ, ಅದು ಸುಳ್ಳಲ್ಲ. ಏನು ಮರೆತೆ ಅಂತ ಮಾತ್ರ ಪೂರ್ತಿ ಹೇಳಲಿಲ್ಲ. ನಿಮ್ಮ ಕಿವಿ ನಿಮ್ಮ ಕೈಯಲ್ಲಿಲ್ಲ. ನನ್ನ ಕಾಲು ನನ್ನ ಕೈಯಲ್ಲಿತ್ತು. ಹಾಗಾಗಿ ತಪ್ಪು ನನ್ನದೇ ಅಂತ ಇಷ್ಟು ವರ್ಷ ಇದ್ದೆ. ನೀವು ಅದನ್ನು ನಿಮ್ಮದು ಅಂತ ಇಟ್ಟುಕೊಂಡಿದ್ದೀರಿ ಅಂತ ಗೊತ್ತಿರಲಿಲ್ಲ. ನಿಮ್ಮ ತಮಾಷೆಯ ಪತ್ರಗಳನ್ನು ಓದಿ, ಭಾವ ಎಲ್ಲ ಮರೆತು ಸುಖವಾಗಿದ್ದಾರೆ ಅಂದುಕೊಳ್ಳುತ್ತಿದ್ದೆ.

ಇನ್ನೊಂದು ಮಾತು. ನಾನು ಗೊಡ್ಡು ಅಂತ ಬರೆದಿದ್ದಿರಿ. ನಮ್ಮ ಮನೆಯಲ್ಲಿ ಎರಡು ಫೋನಿವೆ. ಇಪ್ಪತ್ತೆರಡು ವರ್ಷದಿಂದ ನಿಮಗೆ ಪತ್ರವನ್ನೇ ಯಾಕೆ ಬರೆದೆ ಅಂದುಕೊಂಡಿರಿ?

ಪಾರ್ಸೆಲಿನಲ್ಲಿ ಗೋಪುರದ ಹಳೆಯ ಸಣ್ಣ ಗಡಿಯಾರದ ಮುಖವಿದೆ. ಅಂಕಿಗಳನ್ನು ಅಳಿಸಿ ಮೂರೇ ಮಾತು ಬರೆದಿದ್ದೇನೆ. ಮುಳ್ಳಿನ ಹಿಂದೆ ಎರಡು ಹಲ್ಲಿನ ಚಕ್ರ ಇಟ್ಟಿದ್ದೇನೆ, ಸರಪಳಿಯನ್ನು ಎಡಗಡೆಯಿಂದ ಹಾಕಿ. ಇದು ಯೋಚನೆ ಮಾಡುವುದಿಲ್ಲ, ಹೇಳಿದ್ದನ್ನು ತೋರಿಸುತ್ತದೆ. ಅದರ ಕೆಳಗೆ ಕಾಗದದಲ್ಲಿ ಸುತ್ತಿದ್ದು ಆ ಹುಡುಗಿಗೆ. ಅವಳ ಕಾಲಿಗೆ ದೊಡ್ಡದಾಗಬಹುದು, ಮುಂದೆ ಬಟ್ಟೆ ತುರುಕಿಕೊಳ್ಳಲಿ.

ನಿಮ್ಮ ಭಾಮೈದ

*

ಏಪ್ರಿಲ್ 5

ನನ್ನ ಪ್ರೀತಿಯ ಕಳ್ಳ ಭಾಮೈದನಿಗೆ,

ನಿನ್ನ ಪತ್ರವನ್ನು ಗೇಟಿನ ಹತ್ತಿರವೇ ನಿಂತು ಓದಿದೆ. ಆಮೇಲೆ ಒಳಗೆ ಹೋಗಿ ನಿನ್ನ ಅಕ್ಕನ ಮುಂದೆ ಕೂತು ಎಲ್ಲ ಹೇಳಿದೆ, ಶೂ ವಿಷಯವನ್ನೂ. ನೊಂದುಕೊಳ್ಳುತ್ತಾಳೆ ಅಂದಿದ್ದೆನಲ್ಲ. ಅವಳು ಕಾಳು ಆರಿಸುವುದನ್ನು ನಿಲ್ಲಿಸದೆ, "ಕಿವಿ ಕೇಳ್ಸಲ್ಲ ಅಂತ ನಂಗೆ ಗೊತ್ತಿರ್ಲಿಲ್ವಾ? ನಲವತ್ತು ವರ್ಷ ಕೂಗಿ ಕೂಗಿ ನನ್ನ ಗಂಟ್ಲು ಯಾಕೆ ಹೀಗಾಗಿದೆ ಅಂದ್ಕೊಂಡ್ರಿ?" ಅಂದಳು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತಳು. ಆಮೇಲೆ ಟೀಗೆ ಸಕ್ಕರೆ ಹಾಕಿ ಕೊಟ್ಟಳು. ಉಪ್ಪು. ಡಬ್ಬಿ ಬದಲಾಯಿಸಿದ್ದು ನಾನೇ, ಮರೆತಿದ್ದೆ.

ನಾನು ಊರೆಲ್ಲರ ಕಿವಿ ಮೇಲೆ ಹೂ ಇಟ್ಟೆ ಅಂದುಕೊಂಡಿದ್ದೆ. ನೀವೆಲ್ಲ ಸೇರಿ ನನ್ನ ಕಿವಿ ಮೇಲೆ ಹೂದೋಟವನ್ನೇ ಬೆಳೆಸಿದ್ದೀರಿ. ಈ ಜನ್ಮದಲ್ಲಿ ನಾನು ಎಷ್ಟೋ ಜನರನ್ನು ಏಮಾರಿಸಿದ್ದೇನೆ. ಇಪ್ಪತ್ತು ವರ್ಷ ಸುಳಿವು ಕೊಡದೆ ನಡೆದ ಕುಚೇಷ್ಟೆ ಮಾತ್ರ ನಿನ್ನದೊಂದೇ. ಗುರುವೇ, ಅಡ್ಡಬಿದ್ದೆ.

ಈಗ ಓಟದ ಸುದ್ದಿ. ನಿನ್ನ ಗಡಿಯಾರದ ಮುಖವನ್ನು ನನ್ನ ಮೂಗಿನ ನೇರಕ್ಕೆ ಕಟ್ಟಿದೆವು. ಬಸ್ಸಕ್ಕ ಕಾಗದ ಬಿಚ್ಚಿ ನಿನ್ನ ಲಾಳದ ಬೂಟು ನೋಡಿ, ಇದನ್ನು ಹಾಕಿಕೊಂಡರೆ ಮನುಷ್ಯರು ಕೂತಿರುವ ದೋಣಿಗೆ ಕುದುರೆ ಯಾಕೆ ಅಂತ ಜನ ಕೇಳುತ್ತಾರೆ ಅಂದಳು. ಆದರೂ ಬಟ್ಟೆ ತುರುಕಿಕೊಂಡು ಹಾಕಿಕೊಂಡಳು. ಪರೀಕ್ಷಕರು ಕೆಳಗೆ ನನ್ನ ಪಕ್ಕ ನಿಂತರು. ಕಟ್ಟೆ ಹತ್ತಿರ ಬಂತು. ಮುಳ್ಳು ನಿಲ್ಲು ಅಂದಿತು, ಆಮೇಲೆ ಹಿಂದೆ ಅಂದಿತು. ಮೇಸ್ತ್ರಿ ಮೂರು ಬೆರಳು ತೋರಿಸಿದ. ಮುಳ್ಳಿಗಿಂತ, ಮೇಸ್ತ್ರಿಗಿಂತ ಒಂದು ಕ್ಷಣ ಮೊದಲೇ ನನ್ನ ಎಡಗೈಗೆ ಗೊತ್ತಾಗಿತ್ತು, ಭಾಮೈದ. ಟಕ್, ಟಕ್, ಟಕ್. ಇಪ್ಪತ್ತೆರಡು ವರ್ಷ ಸುಮ್ಮನಿದ್ದ ಕಂಬ ಮಾತಾಡಿತು.

ಅಜ್ಜಿ ಕಟ್ಟೆಗೆ ಕೆನ್ನೆ ಒರಗಿಸಿದಳು. ಕಟಾಂಜನದ ಮೇಲೆ ಕೂತಿದ್ದ ಕಾಗೆ ಕೂಡ ಏಳಲಿಲ್ಲ.

ಪರೀಕ್ಷಕರು ಸಹಿ ಹಾಕಿದರು. ಹೋಗುವಾಗ ತಾವೂ ಒಮ್ಮೆ ಕಂಬದ ಮೇಲೆ ಕೈ ಇಟ್ಟು ಬಸ್ಸಕ್ಕನಿಗೆ ಗುದ್ದಲು ಹೇಳಿದರು. ನಕ್ಕರು ಅಂತ ಮೇಸ್ತ್ರಿ ಹೇಳುತ್ತಾನೆ, ನಾನು ನೋಡಿದ್ದರೆ ನಂಬುತ್ತಿದ್ದೆ. ನಿನ್ನ ಹಳೆಯ ಕಡತದಲ್ಲಿದ್ದ ತಪ್ಪು ಎಂಬ ಮಾತನ್ನು ತೆಗೆಸಿದ್ದಾರೆ. ಕಾಗದ ನಿನಗೆ ಬೇರೆ ಬರುತ್ತದೆ.

ಮೊದಲ ಸವಾರಿ ಇಪ್ಪತ್ತಕ್ಕೆ. ಆಮೇಲೆ ದಿನಾ ಎರಡು. ಚುಕ್ಕಾಣಿ ಹಿಡಿ ಅಂತ ಕರೆಯುವುದಿಲ್ಲ, ಬಸ್ಸಕ್ಕ ಬಿಡುವುದೂ ಇಲ್ಲ. ಸುಮ್ಮನೆ ಬಾ.

ಇತಿ,
ಅಂಗೈಯಲ್ಲಿ ಕಿವಿ ಇರುವ ಭಾವ

*

ಏಪ್ರಿಲ್ 11
(ಕಾರ್ಡು)

ಭಾವನವರಿಗೆ ನಮಸ್ಕಾರ.

ಗೋಪುರಕ್ಕೆ ಹದಿನೈದು ದಿನಕ್ಕೆ ಬೇರೆಯವರನ್ನು ಗೊತ್ತು ಮಾಡಿದ್ದೇನೆ. ಬರುತ್ತೇನೆ. ಯಾವ ದಿನ ಅಂತ ಹೇಳುವುದಿಲ್ಲ. ಅಕ್ಕನಿಗೆ ಗೊತ್ತು, ಅವರನ್ನು ಕೇಳಿದರೂ ಹೇಳುವುದಿಲ್ಲ.

ಅಕ್ಕ ಕೊಡಿಸಿದ ಶೂ ಪೆಟ್ಟಿಗೆಯಲ್ಲಿ ಹಾಗೇ ಇತ್ತು. ಒಂದೇ ದಿನ ಹಾಕಿದ್ದು, ಇನ್ನೂ ಹೊಸದರ ಹಾಗಿದೆ. ಅದನ್ನೇ ಹಾಕಿಕೊಂಡು ಪ್ರಯಾಣಿಕರ ಜೊತೆ ಹತ್ತುತ್ತೇನೆ. ನೀವು ಎಷ್ಟೇ ಕಂಬ ಹಿಡಿದುಕೊಂಡರೂ ನಿಮಗೆ ತಿಳಿಯುವುದಿಲ್ಲ.

ಸುತ್ತು ಮುಗಿದು, ದೋಣಿಯನ್ನು ಕಟ್ಟೆಗೆ ಬಿಗಿದ ಮೇಲೆ, ನಿಮ್ಮ ತಲೆಯ ಮೇಲಿನ ನೆಲದ ಮೇಲೆ ನಿಂತು, ಶೂ ಬಿಚ್ಚಿ, ಹಿಮ್ಮಡಿಯಿಂದ ಎರಡು ಸಲ ಗುದ್ದುತ್ತೇನೆ. ಎರಡು ಅಂದರೆ ನಿಲ್ಲು. ನಿಲ್ಲಿಸಿ, ಮೇಲೆ ಬನ್ನಿ. ಸರೋವರ ತೋರಿಸುತ್ತೇನೆ.

ನಿಮ್ಮ ಭಾಮೈದ